ಕಬ್ಬಿನ ರಸ ಮತ್ತು ಬಫರ್ ದ್ರಾವಣ

ಮಹಾರಾಷ್ಟ್ರದಿಂದ ಹರಿದು ಬರುವ ಕೃಷ್ಣಾ ನದಿ ಕರ್ನಾಟಕವನ್ನು ಪ್ರವೇಶಿಸುವುದು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ನದಿಯ ಎರಡು ದಂಡೆಗಳ ಸೀಮೆಗಳು. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಕಡೆಯಿಂದ ವೇದಗಂಗಾ, ದೂಧಗಂಗಾ ನದಿಗಳು ಬಂದು ಇದೇ ಬಯಲಿಗೆ ನೀರುಣಿಸುತ್ತವೆ. ಕಪ್ಪು ಮಣ್ಣು, ನದಿಯ ನೀರು, ಬಿಸಿಲು ಮೂರೂ ಕೂಡಿದ ಈ ನೆಲದಲ್ಲಿ ಕಬ್ಬು ಸಮೃದ್ಧವಾಗಿ ಬೆಳೆಯುತ್ತದೆ. ಉಗಾರ ಖುರ್ದದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ಅನಂತರ ಸಹಕಾರಿ ಕಾರ್ಖಾನೆಗಳೂ ಖಾಸಗಿ ಕಾರ್ಖಾನೆಗಳೂ ಒಂದೊಂದಾಗಿ ತಲೆಯೆತ್ತಿದವು. ಹಂಗಾಮು ಆರಂಭವಾಯಿತೆಂದರೆ ಕಬ್ಬು ತುಂಬಿದ ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತವೆ.

ಈ ಸಾಲು ಬೆಳೆದಷ್ಟೂ ರೈತನ ಚಿಂತೆಯೂ ಬೆಳೆಯುತ್ತದೆ. ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುವುದು ಕಣ್ಣಿಗೆ ಕಾಣುವ ನಷ್ಟ. ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಜಲ್ಲೆಯ ಒಳಗೇ ನಡೆಯುತ್ತಿರುತ್ತದೆ. ಕಡಿದ ಕಬ್ಬು ಸತ್ತ ವಸ್ತುವಲ್ಲ. ಅದರ ಜೀವಕೋಶಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಆ ಕೆಲಸಗಳಲ್ಲಿ ಒಂದು, ಕೂಡಿಟ್ಟ ಸಕ್ಕರೆಯನ್ನು ಒಡೆಯುವುದು. ಸುಕ್ರೋಸ್ ಎಂಬ ಸಕ್ಕರೆಯ ಅಣು ನೀರಿನೊಡನೆ ಸೇರಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಅಣುಗಳಾಗಿ ಒಡೆಯುತ್ತದೆ. ಹೀಗೆ ಒಡೆದ ಸಕ್ಕರೆ ಸಿಹಿಯಾಗಿರುತ್ತದೆ, ಆದರೆ ಕಾರ್ಖಾನೆಯ ಕಡಾಯಿಯಲ್ಲಿ ಹರಳುಗಟ್ಟುವುದಿಲ್ಲ, ಕಾಕಂಬಿಯೊಡನೆ ಹೊರಟುಹೋಗುತ್ತದೆ. 2009ರಿಂದ ಕೇಂದ್ರ ಸರ್ಕಾರ ನಿಗದಿಪಡಿಸುತ್ತಿರುವ ನ್ಯಾಯಯುತ ಮತ್ತು ಲಾಭದಾಯಕ ದರವು ಸಕ್ಕರೆಯ ಇಳುವರಿಯನ್ನು ಅವಲಂಬಿಸಿದೆ. ಆದುದರಿಂದ ಜಲ್ಲೆಯೊಳಗಿನ ಈ ಚಿಕ್ಕ ಕ್ರಿಯೆ ಕಾರ್ಖಾನೆಗೂ ರೈತನಿಗೂ ಹಣದ ಪ್ರಶ್ನೆಯಾಗಿದೆ.

ಸುಕ್ರೋಸನ್ನು ಒಡೆಯುವ ಕೆಲಸವನ್ನು ಮಾಡುವುದು ಇನ್ವರ್ಟೇಸ್ ಎಂಬ ಕಿಣ್ವ. ಈ ಹೆಸರಿಗೆ ಒಂದು ಕಾರಣವುಂಟು. ಸುಕ್ರೋಸಿನ ದ್ರಾವಣದ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಆ ಬೆಳಕಿನ ತಲವು ಬಲಕ್ಕೆ ತಿರುಗುತ್ತದೆ. ಸುಕ್ರೋಸ್ ಪೂರ್ತಿಯಾಗಿ ಒಡೆದ ಮೇಲೆ ಅದೇ ದ್ರಾವಣ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ. ದಿಕ್ಕು ತಿರುಗುಮುರುಗಾಗುವುದರಿಂದ ಕ್ರಿಯೆಗೆ ಇನ್ವರ್ಷನ್ ಎಂಬ ಹೆಸರು ಬಂದಿತು. ಅದನ್ನು ನಡೆಸುವ ಕಿಣ್ವ ಇನ್ವರ್ಟೇಸ್ ಎನಿಸಿತು. ಈ ತಿರುವನ್ನು ಅಳೆಯುವ ಪೋಲಾರಿಮೀಟರ್ ಎಂಬ ಉಪಕರಣ ಸಕ್ಕರೆ ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ ಇರುವ ಸಾಮಾನ್ಯ ಸಲಕರಣೆಗಳಲ್ಲಿ ಒಂದು.

ಒಂದು ತಳಿಯ ಕಬ್ಬಿನಲ್ಲಿ ಎಷ್ಟು ಇನ್ವರ್ಟೇಸ್ ಇದೆ, ಕಡಿದ ಎರಡು ದಿನಗಳಲ್ಲಿ ಅದು ಎಷ್ಟು ಏರುತ್ತದೆ ಎಂಬುದನ್ನು ಅಳೆಯಬೇಕೆಂದು ಇಟ್ಟುಕೊಳ್ಳೋಣ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದಂತಹ, ಕಬ್ಬನ್ನೇ ಅಭ್ಯಾಸ ಮಾಡುವ ಸಂಸ್ಥೆಗಳಿಗೆ ಇದು ಸಹಜವಾದ ಪ್ರಶ್ನೆ. ಮೇಲುನೋಟಕ್ಕೆ ಕೆಲಸ ಸುಲಭ: ಜಲ್ಲೆಯ ತುಂಡನ್ನು ಅರೆದು ರಸ ತೆಗೆಯುವುದು, ಅದಕ್ಕೆ ಸುಕ್ರೋಸ್ ಬೆರೆಸುವುದು, ಗೊತ್ತಾದ ಕಾಲದಲ್ಲಿ ಎಷ್ಟು ಗ್ಲೂಕೋಸ್ ಹುಟ್ಟಿತೆಂದು ಅಳೆಯುವುದು. ಆದರೆ ಹೀಗೆ ಮಾಡಿದವನಿಗೆ ಇಂದು ಒಂದು ಉತ್ತರ, ನಾಳೆ ಇನ್ನೊಂದು ಉತ್ತರ ದೊರೆಯುತ್ತದೆ. ರಸದ ಆಮ್ಲತೆ ಜಲ್ಲೆಯಿಂದ ಜಲ್ಲೆಗೆ ಬೇರೆಯಾಗಿರುವುದೂ, ರಸ ನಿಂತಂತೆ ಸೂಕ್ಷ್ಮಜೀವಿಗಳಿಂದ ಇನ್ನಷ್ಟು ಹುಳಿಯಾಗುವುದೂ ಇದಕ್ಕೆ ಕಾರಣ. ಕಿಣ್ವದ ವೇಗ ಆಮ್ಲತೆಯೊಡನೆ ಏರಿಳಿಯುತ್ತದೆ.

ಕಿಣ್ವವೆಂಬುದು ಪ್ರೋಟೀನು. ಅದರ ಉದ್ದನೆಯ ಸರಪಳಿಯ ಮೇಲೆ ಹೈಡ್ರೋಜನ್ ಅಯಾನನ್ನು ಹಿಡಿಯಬಲ್ಲ, ಬಿಡಬಲ್ಲ ಗುಂಪುಗಳಿರುತ್ತವೆ. ಸುಕ್ರೋಸ್ ಬಂದು ಕೂರುವ ಎಡೆಯಲ್ಲಿರುವ ಗುಂಪುಗಳು ಸರಿಯಾದ ಸ್ಥಿತಿಯಲ್ಲಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಸುತ್ತಲಿನ ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳು ಹೆಚ್ಚಾದರೂ ಕಡಿಮೆಯಾದರೂ ಆ ಸ್ಥಿತಿ ಕೆಡುತ್ತದೆ. ಜಠರದ ಪೆಪ್ಸಿನ್ ತೀವ್ರ ಆಮ್ಲದಲ್ಲಿ ದುಡಿಯುತ್ತದೆ. ಕರುಳಿನ ಟ್ರಿಪ್ಸಿನ್‌ಗೆ ಕೊಂಚ ಕ್ಷಾರೀಯವಾದ ಪರಿಸರ ಬೇಕು. ಪ್ರತಿಯೊಂದು ಕಿಣ್ವಕ್ಕೂ ತನ್ನದೇ ಆದ ನೆಲೆ.

ಈ ಸತ್ಯವನ್ನು ಸ್ಪಷ್ಟಪಡಿಸಿದವನು ಡೆನ್ಮಾರ್ಕಿನ ಸೋರೆನ್ಸನ್. ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಕಿಣ್ವಗಳನ್ನು ಅಭ್ಯಸಿಸುತ್ತಿದ್ದ ಆತ 1909ರಲ್ಲಿ ಪಿಎಚ್ ಎಂಬ ಅಳತೆಯನ್ನು ಜಗತ್ತಿಗೆ ಕೊಟ್ಟನು. ಆತ ಪರೀಕ್ಷಿಸಿದ ಕಿಣ್ವಗಳಲ್ಲಿ ಇನ್ವರ್ಟೇಸೂ ಒಂದಾಗಿತ್ತು. ಪಿಎಚ್ ಒಂದು ಅಂಶ ಇಳಿದರೆ ಹೈಡ್ರೋಜನ್ ಅಯಾನುಗಳ ಸಾರತೆ ಹತ್ತು ಪಟ್ಟು ಏರಿದೆಯೆಂದು ಅರ್ಥ. ಚಿಕ್ಕದಾಗಿ ಕಾಣುವ ಅಂಕಿಯ ಹಿಂದೆ ದೊಡ್ಡ ವ್ಯತ್ಯಾಸ ಅಡಗಿರುತ್ತದೆ. ಇದಕ್ಕೆ ಕೆಲವು ವರ್ಷ ಮೊದಲು, 1903ರಲ್ಲಿ, ವಿಕ್ಟರ್ ಹೆನ್ರಿ ಎಂಬ ವಿಜ್ಞಾನಿ ಇನ್ವರ್ಟೇಸಿನ ವೇಗಕ್ಕೆ ಒಂದು ಸೂತ್ರವನ್ನು ರೂಪಿಸಿದ್ದನು. ಸೂತ್ರ ಸರಿಯಾದ ಹಾದಿಯಲ್ಲಿಯೇ ಇತ್ತು. ಆದರೆ ಆತ ಪ್ರಯೋಗಗಳಲ್ಲಿ ಆಮ್ಲತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿರಲಿಲ್ಲ. ಬರ್ಲಿನ್ನಿನಲ್ಲಿ ಲಿಯೊನೋರ್ ಮಿಖಾಯೆಲಿಸ್ ಹಾಗೂ ಕೆನಡಾದಿಂದ ಬಂದಿದ್ದ ಮಾಡ್ ಮೆಂಟನ್ 1913ರಲ್ಲಿ ಅದೇ ಕಿಣ್ವ, ಅದೇ ಸಕ್ಕರೆ, ಅದೇ ಪೋಲಾರಿಮೀಟರುಗಳಿಂದ ಮತ್ತೆ ಕೆಲಸ ಮಾಡಿದರು. ಅವರು ಕೈಗೊಂಡ ಮುಖ್ಯ ಎಚ್ಚರಿಕೆಗಳಲ್ಲಿ ಒಂದು, ಅಸಿಟೇಟ್ ಬಫರಿನಿಂದ ಪಿಎಚ್ಚನ್ನು ಕಟ್ಟಿಹಾಕಿದ್ದು. ಇಂದು ಕಿಣ್ವಗಳ ಅಧ್ಯಯನದಲ್ಲೆಲ್ಲ ಅವರಿಬ್ಬರ ಹೆಸರಿನ ಸಮೀಕರಣ ನಿಂತಿದೆ.

ಬಫರ್ ಎಂಬ ಮಾತು ರೈಲಿನ ಪರಿಚಯವುಳ್ಳವರಿಗೆ ಹೊಸದಲ್ಲ. ಹಳೆಯ ಗಾಡಿಗಳ ಡಬ್ಬಿಗಳ ತುದಿಯಲ್ಲಿ ಜೋಡಿಯಾಗಿ ಚಾಚಿಕೊಂಡಿರುತ್ತಿದ್ದ, ಸ್ಪ್ರಿಂಗುಳ್ಳ ದುಂಡನೆಯ ಗುಬ್ಬಿಗಳ ಹೆಸರು ಅದು. ರಾಯಬಾಗ, ಕುಡಚಿ, ಉಗಾರ ಖುರ್ದ ನಿಲ್ದಾಣಗಳನ್ನು ಹಾದು ಮೀರಜಿಗೆ ಹೋಗುವ ಮಾರ್ಗದಲ್ಲಿಯೂ ಇಂತಹ ಡಬ್ಬಿಗಳು ಓಡಾಡಿವೆ. ಒಂದು ಡಬ್ಬಿ ಇನ್ನೊಂದಕ್ಕೆ ತಾಗಿದಾಗ ಪೆಟ್ಟನ್ನು ಅವು ನುಂಗಿಕೊಳ್ಳುತ್ತಿದ್ದವು. ದ್ರಾವಣದಲ್ಲಿ ಪೆಟ್ಟು ಎಂದರೆ ಹೊರಗಿನಿಂದ ಬಂದ ಆಮ್ಲ ಅಥವಾ ಪ್ರತ್ಯಾಮ್ಲ. ಒಂದು ದುರ್ಬಲ ಆಮ್ಲವೂ ಅದರ ಲವಣವೂ ಜೊತೆಯಾಗಿದ್ದರೆ, ಬಂದ ಆಮ್ಲವನ್ನು ಲವಣ ಹಿಡಿದುಕೊಳ್ಳುತ್ತದೆ. ಬಂದ ಪ್ರತ್ಯಾಮ್ಲವನ್ನು ದುರ್ಬಲ ಆಮ್ಲ ತಣಿಸುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ, ಲೀಟರಿಗೆ ಒಂದು ಮೋಲ್ ಸಾರತೆಯ ಹೈಡ್ರೊಕ್ಲೋರಿಕ್ ಆಮ್ಲವನ್ನು ಒಂದೇ ಮಿಲಿಲೀಟರ್ ಹಾಕಿದರೂ ಪಿಎಚ್ 7ರಿಂದ 3ಕ್ಕೆ ಬೀಳುತ್ತದೆ. ಹದವಾಗಿ ಮಾಡಿದ ಬಫರಿನಲ್ಲಿ ಅಷ್ಟೇ ಆಮ್ಲ ಹಾಕಿದರೆ ಅಂಕಿ ಅಲುಗುವುದು ಕಷ್ಟ.

ಹಾಗಾದರೆ ಯಾವುದಾದರೊಂದು ಬಫರನ್ನು ತೆಗೆದುಕೊಂಡರೆ ಸಾಲದೆ? ಸಾಲದು. ಪ್ರತಿಯೊಂದು ದುರ್ಬಲ ಆಮ್ಲಕ್ಕೂ ಪಿಕೆಎ ಎಂಬ ಒಂದು ಅಂಕಿ ಉಂಟು. ಪಿಎಚ್ ಆ ಅಂಕಿಗೆ ಸಮನಾದಾಗ ಆಮ್ಲವೂ ಲವಣವೂ ಸರಿಪಾಲಾಗಿರುತ್ತವೆ. ಬಫರಿನ ಬಲ ಅಲ್ಲಿ ಅತಿ ಹೆಚ್ಚು. ಅಲ್ಲಿಂದ ಒಂದು ಅಂಶ ಮೇಲೆ ಅಥವಾ ಕೆಳಗೆ ಸರಿದರೆ ಬಲ ಬಹಳ ಕುಗ್ಗುತ್ತದೆ. ಅಸಿಟಿಕ್ ಆಮ್ಲದ ಪಿಕೆಎ 4.76. ಫಾಸ್ಫೇಟಿನ ಬಳಕೆಯ ಅಂಕಿ 7.2. ಪಿಎಚ್ 5ರಲ್ಲಿ ಕೆಲಸ ಮಾಡಬೇಕಾದಾಗ ಎರಡನ್ನೂ ಹೋಲಿಸಿ ನೋಡಬಹುದು. ಲೀಟರಿಗೆ ದಶಾಂಶ ಒಂದು ಮೋಲ್ ಸಾರತೆಯ ಅಸಿಟೇಟಿನಲ್ಲಿ ನೂರು ಅಣುಗಳಿಗೆ ಸುಮಾರು ಅರುವತ್ತಮೂರು ಆಮ್ಲವನ್ನು ಹಿಡಿಯಲು ಸಿದ್ಧವಾಗಿರುತ್ತವೆ. ಅಷ್ಟೇ ಸಾರತೆಯ ಫಾಸ್ಫೇಟಿನಲ್ಲಿ ಹಾಗೆ ಸಿದ್ಧವಾಗಿರುವವು ಸಾವಿರಕ್ಕೆ ಆರು ಮಾತ್ರ. ಮೇಲೆ ಹೇಳಿದ ಒಂದು ಮಿಲಿಲೀಟರ್ ಆಮ್ಲವನ್ನು ಎರಡಕ್ಕೂ ಹಾಕಿದರೆ ಅಸಿಟೇಟಿನ ಪಿಎಚ್ ನೂರರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ. ಫಾಸ್ಫೇಟಿನದು ಅರ್ಧ ಅಂಶಕ್ಕೂ ಮಿಕ್ಕಿ ಕುಸಿಯುತ್ತದೆ. ಎರಡು ಸೀಸೆಗಳ ಮೇಲೂ ‘ಪಿಎಚ್ 5’ ಎಂದೇ ಬರೆದಿರುತ್ತದೆ. ಚೀಟಿಯನ್ನು ಮಾತ್ರ ಓದುವವನಿಗೆ ಈ ಭೇದ ತಿಳಿಯುವುದಿಲ್ಲ.

ಕಬ್ಬಿನ ವಿಷಯದಲ್ಲಿ ಇನ್ನೂ ಒಂದು ಸೋಜಿಗವಿದೆ. ಅದರಲ್ಲಿ ಇರುವುದು ಒಂದೇ ಬಗೆಯ ಇನ್ವರ್ಟೇಸ್ ಅಲ್ಲ. ಆಸ್ಟ್ರೇಲಿಯಾದಲ್ಲಿ ಹ್ಯಾಚ್, ಸ್ಯಾಚರ್ ಮತ್ತು ಗ್ಲಾಸಿಯೊ ಎಂಬ ವಿಜ್ಞಾನಿಗಳು 1963ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ವಿಶದಪಡಿಸಿತು. ಎಳೆಯ, ಬೆಳೆಯುತ್ತಿರುವ ಗೆಣ್ಣುಗಳಲ್ಲಿ ಆಮ್ಲೀಯ ಪರಿಸರವನ್ನು ಬಯಸುವ ಇನ್ವರ್ಟೇಸ್ ಹೇರಳವಾಗಿರುತ್ತದೆ. ಬೆಳೆಯುವ ಅಂಗಾಂಶಕ್ಕೆ ಗ್ಲೂಕೋಸ್ ಬೇಕು. ಬಂದ ಸುಕ್ರೋಸನ್ನು ಅದು ಒಡೆದು ಬಳಸುತ್ತದೆ. ಗೆಣ್ಣು ಬಲಿತಂತೆ ಈ ಕಿಣ್ವ ಕ್ಷೀಣಿಸಿ ಸಕ್ಕರೆ ಕೂಡತೊಡಗುತ್ತದೆ. ಬಲಿತ ಗೆಣ್ಣಿನಲ್ಲಿ ಕಾಣುವುದು ತಟಸ್ಥ ಪರಿಸರದಲ್ಲಿ ದುಡಿಯುವ ಇನ್ನೊಂದು ಇನ್ವರ್ಟೇಸ್. ಮೊದಲನೆಯದರ ಮನೆ ಜೀವಕೋಶದ ರಸದಾನಿ ಹಾಗೂ ಕೋಶಭಿತ್ತಿ, ಎರಡೂ ಹುಳಿಯಾದ ಸ್ಥಳಗಳು. ಎರಡನೆಯದರ ಮನೆ ಕೋಶದ್ರವ್ಯ. ಅಲ್ಲಿನ ಪಿಎಚ್ ಏಳರ ಆಸುಪಾಸಿನದು. ಕಬ್ಬನ್ನು ಕಡಿದಿಟ್ಟಾಗ ಮತ್ತೆ ತಲೆಯೆತ್ತಿ ಸಕ್ಕರೆಯನ್ನು ಒಡೆಯುವುದು ಮುಖ್ಯವಾಗಿ ಆಮ್ಲೀಯ ಇನ್ವರ್ಟೇಸ್.

ಈಗ ಬಫರಿನ ಆಯ್ಕೆಯ ಮಹತ್ತ್ವ ತಾನೇ ಹೊಳೆಯುತ್ತದೆ. ರಾಯಬಾಗದ ಒಂದು ಹೊಲದಿಂದ ತಂದ ಜಲ್ಲೆಯನ್ನು ಪಿಎಚ್ 7ರ ಬಫರಿನಲ್ಲಿ ಮಾತ್ರ ಪರೀಕ್ಷಿಸಿದವನು ಆಮ್ಲೀಯ ಇನ್ವರ್ಟೇಸನ್ನು ಬಹುಪಾಲು ಕಾಣುವುದೇ ಇಲ್ಲ. ‘ಈ ತಳಿ ಕಡಿದ ಮೇಲೂ ಕೆಡುವುದಿಲ್ಲ’ ಎಂದು ಆತ ವರದಿ ಬರೆದರೆ, ಅದನ್ನು ನಂಬಿ ನೆಟ್ಟ ರೈತ ಹಂಗಾಮಿನ ಸಾಲಿನಲ್ಲಿ ನಿಂತು ನಷ್ಟ ಅನುಭವಿಸುತ್ತಾನೆ. ಪಿಎಚ್ 5ರಲ್ಲಿ ಮಾತ್ರ ಪರೀಕ್ಷಿಸಿದವನು ಬಲಿತ ಗೆಣ್ಣಿನಲ್ಲಿ ಕಿಣ್ವವೇ ಇಲ್ಲವೆಂದು ಬಗೆಯಬಹುದು. ಒಂದೇ ಜಲ್ಲೆಯ ರಸಕ್ಕೆ ಎರಡು ಬಫರುಗಳು ಬೇಕು: ಆಮ್ಲೀಯ ಕಿಣ್ವಕ್ಕೆ ಪಿಎಚ್ 5ರ ಸುತ್ತಿನ ಅಸಿಟೇಟ್, ತಟಸ್ಥ ಕಿಣ್ವಕ್ಕೆ 7ರ ಸುತ್ತಿನ ಫಾಸ್ಫೇಟ್ ಅಥವಾ ಅಂತಹ ಇನ್ನೊಂದು. ಕಿಣ್ವದ ಮನೆ ಯಾವುದೆಂದು ಮೊದಲು ಕೇಳಿ, ಅನಂತರ ಸೀಸೆಗೆ ಕೈಹಾಕುವುದು ಇಲ್ಲಿನ ಕ್ರಮ.

ಅಂಕಿ ಹೊಂದಿದ ಮಾತ್ರಕ್ಕೆ ಬಫರ್ ಹೊಂದಿತೆಂದು ಹೇಳಲಾಗದು. ಬಫರ್ ಕೇವಲ ಕಾವಲುಗಾರನಲ್ಲ. ಅದೂ ಒಂದು ರಾಸಾಯನಿಕ ವಸ್ತು, ಪಾತ್ರೆಯಲ್ಲಿರುವ ಇತರ ವಸ್ತುಗಳೊಡನೆ ಅದಕ್ಕೂ ನಂಟು ಬೆಳೆಯಬಹುದು. ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಕಂಡರೆ ಕೂಡಿಕೊಂಡು ತಳಕ್ಕಿಳಿಯುತ್ತದೆ. ಕಪ್ಪು ಮಣ್ಣಿನ ಊರುಗಳ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡುಸು. ಅದರಲ್ಲಿ ಫಾಸ್ಫೇಟ್ ಬಫರ್ ಮಾಡಹೊರಟರೆ ದ್ರಾವಣ ಕದಡಬಹುದು. ಬಟ್ಟಿಯಿಳಿಸಿದ ನೀರೇ ಆಗಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಪಿಷ್ಟವನ್ನು ಒಡೆಯುವ ಆಲ್ಫಾ ಅಮೈಲೇಸಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಆ ಕಿಣ್ವದೊಡನೆ ಕ್ಯಾಲ್ಸಿಯಮ್ಮನ್ನು ಸೆಳೆದುಕೊಳ್ಳುವ ಸಿಟ್ರೇಟನ್ನು ಬಳಸಿದರೆ ಪಿಎಚ್ ಸರಿಯಾಗಿದ್ದರೂ ಕಿಣ್ವ ಸೊರಗಬಹುದು.

ಪ್ರಯೋಗಶಾಲೆಗಳಲ್ಲಿ ಬಹಳ ಬಳಕೆಯಲ್ಲಿರುವ ಟ್ರಿಸ್ ಎಂಬ ಬಫರಿನ ಕಥೆ ಇನ್ನೂ ಬೋಧಪ್ರದ. ಅದು ಅಗ್ಗ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಪಿಕೆಎ ಸುಮಾರು 8.1. ಆದರೆ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಅದರ ಪಿಎಚ್ 0.028ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 7.5ಕ್ಕೆ ಹೊಂದಿಸಿದ ಟ್ರಿಸ್ ದ್ರಾವಣವನ್ನು ಶೀತಕಪಾಟಿನಲ್ಲಿಟ್ಟು 4 ಡಿಗ್ರಿಗೆ ಇಳಿಸಿದರೆ ಅದು ಸುಮಾರು 8.1 ಆಗಿರುತ್ತದೆ. ಕಿಣ್ವ ಕೆಡದಿರಲೆಂದು ಮಂಜುಗಡ್ಡೆಯ ಮೇಲೆ ಜಲ್ಲೆಯನ್ನು ಅರೆಯುವವನು ತನಗರಿವಿಲ್ಲದೆ ಬೇರೊಂದು ಪಿಎಚ್‌ನಲ್ಲಿ ಅರೆಯುತ್ತಿರುತ್ತಾನೆ. ಬೇಸಗೆಯ ಅಥಣಿಯ ಒಂದು ಕೊಠಡಿಗೂ ಪುಸ್ತಕದ 25 ಡಿಗ್ರಿಗೂ ಇರುವ ಅಂತರವನ್ನೂ ಇದರೊಡನೆ ನೆನೆಯಬಹುದು. ಅಸಿಟೇಟ್, ಫಾಸ್ಫೇಟುಗಳಿಗೆ ಈ ಚಾಂಚಲ್ಯ ಬಹಳ ಕಡಿಮೆ. ಸಾಲದೆಂಬಂತೆ ಟ್ರಿಸ್ ಸಕ್ಕರೆಯನ್ನು ಒಡೆಯುವ ಕೆಲವು ಕಿಣ್ವಗಳಿಗೆ ನೇರವಾಗಿ ಅಡ್ಡಿಯಾಗುತ್ತದೆ. ಸಣ್ಣ ಕರುಳಿನ ಸುಕ್ರೇಸ್ ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಸುಕ್ರೋಸನ್ನು ಒಡೆಯುವ ಕಿಣ್ವವನ್ನು ಅಳೆಯಹೊರಟವನು ಟ್ರಿಸ್ಸನ್ನು ಅನುಮಾನದಿಂದ ನೋಡುವುದೇ ಒಳ್ಳೆಯದು.

ಇಂತಹ ತೊಡಕುಗಳಿಂದ ಬೇಸತ್ತ ಅಮೆರಿಕದ ನಾರ್ಮನ್ ಗುಡ್ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿಗಳೊಡನೆ ಜೀವರಸಾಯನ ಕ್ರಿಯೆಗಳಿಗೆಂದೇ ಹೊಸ ಬಫರುಗಳನ್ನು ತಯಾರಿಸಿ 1966ರಲ್ಲಿ ಪ್ರಕಟಿಸಿದನು. ಪಿಕೆಎ 6ರಿಂದ 8ರ ಒಳಗಿರಬೇಕು, ನೀರಿನಲ್ಲಿ ಚೆನ್ನಾಗಿ ಕರಗಬೇಕು, ಜೀವಕೋಶದ ಪೊರೆಯನ್ನು ದಾಟಬಾರದು, ಲೋಹಗಳನ್ನು ಹಿಡಿಯಬಾರದು, ಕಿಣ್ವಗಳ ಕೆಲಸದಲ್ಲಿ ತಲೆಹಾಕಬಾರದು, ಉಷ್ಣತೆಗೆ ಹೆಚ್ಚು ಮಣಿಯಬಾರದು ಎಂಬ ಷರತ್ತುಗಳನ್ನು ಆತ ಹಾಕಿಕೊಂಡಿದ್ದನು. ಹೆಪೆಸ್ ಎಂಬುದು ಆ ಗುಂಪಿನದು. ಅದರ ಪಿಕೆಎ ಸುಮಾರು 7.5. ಕಬ್ಬಿನ ತಟಸ್ಥ ಇನ್ವರ್ಟೇಸಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಬೆಲೆ ಮಾತ್ರ ಫಾಸ್ಫೇಟಿಗಿಂತ ಬಹಳ ಹೆಚ್ಚು.

ಬಫರಿನ ಪ್ರಮಾಣವೂ ವಿವೇಚನೆಗೆ ಬಿಟ್ಟದ್ದು. ಜಲ್ಲೆಯನ್ನು ಅರೆಯುವಾಗ ರಸದಾನಿಗಳು ಒಡೆದು ಅವುಗಳಲ್ಲಿದ್ದ ಹುಳಿಯೆಲ್ಲ ಒಮ್ಮೆಲೇ ಹೊರಬೀಳುತ್ತದೆ. ಆಗ ತೆಳುವಾದ ಬಫರ್ ಎದುರು ನಿಲ್ಲಲಾರದು. ಕೋಶದ್ರವ್ಯದ ಕಿಣ್ವ ಅಲ್ಲಿಯೇ ಕೆಡಬಹುದು. ಆದುದರಿಂದ ಅರೆಯುವ ಹಂತಕ್ಕೆ ಬಲವಾದ ಬಫರ್ ಬೇಕು. ಹಾಗೆಂದು ಮಿತಿಮೀರಿ ಸಾರತೆ ಏರಿಸಿದರೆ ಲವಣವೇ ಕಿಣ್ವಕ್ಕೆ ಕಾಟವಾಗುತ್ತದೆ. ಅರೆದ ಮೇಲೆ ಒಂದು ಹನಿಯನ್ನು ತೆಗೆದು ಪಿಎಚ್ ನಿಜವಾಗಿ ಎಷ್ಟಿದೆಯೆಂದು ನೋಡುವುದು ಅರ್ಧ ನಿಮಿಷದ ಕೆಲಸ. ಎಷ್ಟೋ ಪ್ರಯೋಗಗಳು ಹಾಳಾಗುವುದು ಈ ಅರ್ಧ ನಿಮಿಷವನ್ನು ಉಳಿಸಹೋಗಿ.

ಆಯ್ದ ಬಫರ್ ತಾನೇ ಕ್ರಿಯೆಯಲ್ಲಿ ಕೈಯಾಡಿಸುತ್ತಿದೆಯೋ ಎಂಬ ಸಂಶಯ ಉಳಿದರೆ ಅದನ್ನು ಪರಿಹರಿಸುವ ದಾರಿ ಸರಳವಾಗಿದೆ. ಪಿಎಚ್ 7ರಲ್ಲಿಯೇ ಒಂದು ನಳಿಕೆಯನ್ನು ಫಾಸ್ಫೇಟಿನಿಂದ, ಇನ್ನೊಂದನ್ನು ಹೆಪೆಸಿನಿಂದ ಸಿದ್ಧಪಡಿಸಿ ಒಂದೇ ರಸವನ್ನು ಎರಡಕ್ಕೂ ಹಾಕಬೇಕು. ಮೂರನೆಯ ನಳಿಕೆಗೆ ಕುದಿಸಿ ಆರಿಸಿದ ರಸ ಹಾಕಿದರೆ, ಕಿಣ್ವವಿಲ್ಲದೆ ಎಷ್ಟು ಸಕ್ಕರೆ ಒಡೆಯಿತೆಂಬುದೂ ಗೊತ್ತಾಗುತ್ತದೆ. ಮೊದಲಿನ ಎರಡು ಉತ್ತರಗಳು ಹೊಂದಿಕೊಂಡರೆ ಬಫರಿನ ಮೇಲಿನ ಸಂಶಯ ಬಹುಮಟ್ಟಿಗೆ ನೀಗುತ್ತದೆ. ಹೊಂದದಿದ್ದರೆ ದೋಷವನ್ನು ಬಫರಿನಲ್ಲಿಯೇ ಹುಡುಕಬೇಕು.

ಪ್ರಯೋಗಶಾಲೆಯಲ್ಲಿ ಕಿಣ್ವಕ್ಕೆ ಅನುಕೂಲವಾದ ಪಿಎಚ್ ಹುಡುಕಿದರೆ, ಕಾರ್ಖಾನೆಯಲ್ಲಿ ನಡೆಯುವುದು ಅದಕ್ಕೆ ವಿರುದ್ಧವಾದ ಕೆಲಸ. ಹಿಂಡಿದ ಹಸಿ ರಸದ ಪಿಎಚ್ ಸಾಮಾನ್ಯವಾಗಿ 5ರಿಂದ 5.5, ಆಮ್ಲೀಯ ಇನ್ವರ್ಟೇಸಿಗೆ ಅದು ಹಬ್ಬದೂಟ. ಆದುದರಿಂದ ರಸಕ್ಕೆ ಸುಣ್ಣದ ಹಾಲನ್ನು ಬೆರೆಸಿ ಪಿಎಚ್ಚನ್ನು ಏಳರ ಸಮೀಪಕ್ಕೆ ತರುತ್ತಾರೆ, ಕಾಯಿಸಿ ಕಿಣ್ವವನ್ನು ಕೊಲ್ಲುತ್ತಾರೆ. ಕಿಣ್ವ ಸತ್ತರೂ ಅಪಾಯ ತಪ್ಪಲಿಲ್ಲ. ಬಿಸಿ ರಸದಲ್ಲಿ ಹುಳಿ ಉಳಿದಿದ್ದರೆ ಹೈಡ್ರೋಜನ್ ಅಯಾನುಗಳೇ ಸುಕ್ರೋಸನ್ನು ಒಡೆಯಬಲ್ಲವು. ಆಮ್ಲ ಸಕ್ಕರೆಯನ್ನು ಒಡೆಯುವ ವೇಗವನ್ನು ವಿಲ್ಹೆಲ್ಮಿ ಎಂಬ ಜರ್ಮನ್ ವಿಜ್ಞಾನಿ 1850ರಲ್ಲಿಯೇ ಪೋಲಾರಿಮೀಟರಿನಿಂದ ಅಳೆದಿದ್ದನು. ಸುಣ್ಣ ಮಿತಿಮೀರಿದರೆ ಇನ್ನೊಂದು ಕೇಡು: ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕ್ಷಾರದಲ್ಲಿ ಕೆಟ್ಟು ರಸ ಕಪ್ಪಾಗುತ್ತದೆ.

ಸುಣ್ಣ ಎಷ್ಟು ಬೇಕೆಂಬುದನ್ನು ರಸದ ಪಿಎಚ್ ಒಂದರಿಂದಲೇ ಹೇಳಲು ಬಾರದು. ಕಬ್ಬಿನ ರಸ ಸ್ವತಃ ಒಂದು ಬಫರ್. ಅಕೊನಿಟಿಕ್ ಆಮ್ಲ, ಫಾಸ್ಫೇಟ್, ಅಮೈನೋ ಆಮ್ಲಗಳು ಅದರಲ್ಲಿದ್ದು, ಬಂದ ಸುಣ್ಣವನ್ನು ನುಂಗುತ್ತಲೇ ಹೋಗುತ್ತವೆ. ಕಾಗವಾಡದ ಕಬ್ಬಿಗೂ ನಿಪ್ಪಾಣಿಯ ಕಬ್ಬಿಗೂ ಪಿಎಚ್ ಒಂದೇ ಇದ್ದರೂ ಬೇಕಾಗುವ ಸುಣ್ಣ ಬೇರೆ ಬೇರೆಯಾಗಬಹುದು. ಪ್ರಯೋಗಶಾಲೆಯಲ್ಲಿ ದೋಷವೆನಿಸಿದ ಫಾಸ್ಫೇಟ್ ಮತ್ತು ಕ್ಯಾಲ್ಸಿಯಮ್ಮಿನ ನಂಟು ಇಲ್ಲಿ ಉಪಕಾರಿಯಾಗುತ್ತದೆ. ರಸದ ಫಾಸ್ಫೇಟೂ ಸುಣ್ಣದ ಕ್ಯಾಲ್ಸಿಯಮ್ಮೂ ಕೂಡಿ ಹತ್ತಿಯಂತಹ ಗಸಿಯಾಗಿ, ಕೊಳೆಯನ್ನು ತಬ್ಬಿಕೊಂಡು ತಳಕ್ಕಿಳಿಯುತ್ತವೆ. ಮೇಲೆ ತಿಳಿಯಾದ ರಸ ಉಳಿಯುತ್ತದೆ.

ಬೆಲ್ಲದ ಗಾಣದಲ್ಲಿ ಪಿಎಚ್ ಮೀಟರ್ ಇರುವುದಿಲ್ಲ. ಕುದಿಯುವ ಕೊಪ್ಪರಿಗೆಯ ಬಳಿ ನಿಂತವನು ಬೆಂಡೆಗಿಡದ ಲೋಳೆಯಿಂದ ರಸವನ್ನು ತಿಳಿಗೊಳಿಸಿ, ನೊರೆಯನ್ನು ತೆಗೆದು, ಬಣ್ಣ ನೋಡಿ ಸುಣ್ಣ ಹಾಕುತ್ತಾನೆ. ಅವನ ಅಳತೆ ತಪ್ಪಿ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಿಡುತ್ತದೆ. ಕಡಿಮೆಯಾದರೆ, ಇಲ್ಲವೆ ಕಬ್ಬು ಕಡಿದು ಬಹಳ ಹೊತ್ತು ಬಿದ್ದಿದ್ದರೆ, ಒಡೆದ ಸಕ್ಕರೆ ಹೆಚ್ಚಾಗಿ ಬೆಲ್ಲ ಗಟ್ಟಿಯಾಗುವುದಿಲ್ಲ. ಅಚ್ಚಿನಿಂದ ಬಿಡಿಸಿದ ಮೇಲೂ ಮೆತ್ತಗೆ ಅಂಟಂಟಾಗಿದ್ದು, ಮಳೆಗಾಲದ ಮೊದಲ ತಂಪಿಗೆ ನೀರೊಡೆಯುತ್ತದೆ.